ಇಸಾರದ ಉಡಿ

ನಾಶಿಕ
೨೫ ಜನವರಿ ೧೯೮೯, ಬುಧವಾರ

ಪ್ರೀತಿಯ ಸುಮನಕ್ಕನಿಗೆ ವಸುಧಾಳ ನಮಸ್ಕಾರಗಳು.

ಈಗ ನಸುಕಿನ ನಾಲ್ಕು ಗಂಟೆ. ಸುಂಯ್ ಎಂದು ಎಳೆದೆಳೆದು ಬರುವ ಸದ್ದಿಗೆ ಎಚ್ಚರವಾಯಿತು. ಮೃದುಲಾಳ ಎದೆಯೇ ಎಂದುಕೊಂಡು, ದೀಪ ಹಾಕದೆ ಅವಳ ಬಾಯಿಯ ಹತ್ತಿರ ಕಿವಿ ಇಟ್ಟೆ. ಅವಳು ಮೆತ್ತಗೆ ಉಸಿರಾಡುತ್ತಿದ್ದಳು. ಸದ್ದು ಬಚ್ಚಲಮನೆಯ ನಳದ್ದು; ನೀರು ಬರುವ ಮೊದಲು ಕೊಳವೆಯಲ್ಲಿ ಗಾಳಿ ಏರುತ್ತದಲ್ಲ, ಅದು. ಅಷ್ಟು ಗೊತ್ತಾದ ಮೇಲೂ ಮತ್ತೆ ಮಲಗಲು ಆಗಲಿಲ್ಲ. ಹಂಡೆ, ಕೊಡ, ಬಕೀಟು ಎಲ್ಲ ತುಂಬಿಸಿಟ್ಟು, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಹಿಟ್ಟಿನ ಡಬ್ಬಿಯ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಬೈಯಬೇಡ. ಶಾಲೆಯ ಮಕ್ಕಳ ಪೇಪರು ತಿದ್ದಿ ನಿನಗೆ ಇಂಥವು ರೂಢಿ ಇರಬೇಕು.

ನಾವು ಔರಂಗಾಬಾದಿಗೆ ಬಂದ ದಿನ ನೀನು ಮನೆಯಲ್ಲಿ ಇರಲಿಲ್ಲ ಎಂದು ಪೇಚಾಡಿಕೊಂಡು ಬರೆದ ಕಾಗದ, ಜೊತೆಗಿಟ್ಟ ಕುಸುರೆಳ್ಳಿನ ಪೊಟ್ಟಣ ಎರಡೂ ಬಂದು ಮುಟ್ಟಿ ನಾಲ್ಕೈದು ದಿನವಾಯಿತು. ಉತ್ತರ ಬರೆಯಲಿಲ್ಲ, ತಪ್ಪಾಯಿತು. ಬರೆಯಲು ಕೂತರೆ ಸುಳ್ಳು ಬರೆಯಬೇಕಾಗುತ್ತಿತ್ತು, ಇಲ್ಲದಿದ್ದರೆ ಇದನ್ನೆಲ್ಲ ಬರೆಯಬೇಕಾಗುತ್ತಿತ್ತು. ಎರಡಕ್ಕೂ ಮೈಯಲ್ಲಿ ಬಲ ಇರಲಿಲ್ಲ. ಈಗ ಬೇರೆ ದಾರಿಯಿಲ್ಲ. ಪಕ್ಕದ ಮನೆಯ ಭಾನುಮತಿ ವಹಿನಿಯ ಗಂಡ ಅರವಿಂದ ಅವರು ತಮ್ಮ ಕಾರ್ಖಾನೆಯ ಕೆಲಸದ ಮೇಲೆ ಇವತ್ತು ಮೊದಲ ಬಸ್ಸಿಗೆ ನಿಮ್ಮೂರಿಗೆ ಹೊರಟಿದ್ದಾರೆ. ಮಧ್ಯಾಹ್ನ ನೀನು ಶಾಲೆಯಿಂದ ಬಂದಮೇಲೆ ನಿನ್ನ ಕೈಗೇ ಕೊಡಬೇಕು, ಭಾವನ ಕೈಗಾಗಲಿ ಅವ್ವನ ಕೈಗಾಗಲಿ ಬೇಡ ಎಂದು ಹೇಳಿದ್ದೇನೆ. ಪಾಪ, ಯಾಕೆ ಎಂದು ಅವರು ಕೇಳಲಿಲ್ಲ.

ಅವ್ವನ ಮೊಣಕಾಲು ಹೇಗಿದೆ? ಧಾರವಾಡ ಬಿಟ್ಟು ನಿನ್ನ ಹತ್ತಿರ ಬಂದ ಮೇಲೆ ಇದು ಅವಳಿಗೆ ಮೊದಲ ಚಳಿಗಾಲ. ಬೆಳಿಗ್ಗೆ ತಣ್ಣೀರಿನಲ್ಲಿ ಮಡಿ ಹಿಂಡುವುದನ್ನು ಬಿಡಿಸು. ನಾನು ಹೇಳಿದೆನೆಂದು ಹೇಳಬೇಡ, ನಿನ್ನ ಮಾತೆಂದೇ ಹೇಳು.

ಇಲ್ಲಿಯ ಚಳಿ ಈ ಸಲ ಮಾತಾಡುವಂತಿಲ್ಲ. ದ್ರಾಕ್ಷಿ ತೋಟದವರು ರಾತ್ರಿ ಬೆಂಕಿ ಹಾಕಿ ಬಳ್ಳಿ ಕಾಯುತ್ತಿದ್ದಾರಂತೆ. ನಾನೂ ಹಾಗೆಯೇ ಕಾಯುತ್ತಿದ್ದೇನೆ. ಕತ್ತಲಾಗುತ್ತಲೇ ಮೃದುಲಾಳ ಎದೆ ಕಟ್ಟಲು ಶುರುವಾಗುತ್ತದೆ. ಕೆಲವು ರಾತ್ರಿ ಬಿಸಿನೀರಿನ ಉಗಿ, ಔಷಧಿ ಇಷ್ಟಕ್ಕೇ ನಿಲ್ಲುತ್ತದೆ. ಕೆಲವು ರಾತ್ರಿ ನಿಲ್ಲುವುದಿಲ್ಲ, ಆಗ ಅವಳನ್ನು ಕಂಬಳಿಯಲ್ಲಿ ಸುತ್ತಿ ಸ್ಕೂಟರಿನ ಮೇಲೆ ಇವರ ಬೆನ್ನಿಗೂ ನನ್ನ ಎದೆಗೂ ನಡುವೆ ಅವುಚಿಕೊಂಡು ದವಾಖಾನೆಗೆ ಓಡುವುದು. ಡಾಕ್ಟರರು ಹೋದ ತಿಂಗಳು ಸಿಟ್ಟಿಗೆದ್ದೇ ಹೇಳಿದರು: ನೀವು ಮಗುವನ್ನು ಔಷಧಿಗೆಂದು ತರುತ್ತೀರಿ, ದಾರಿಯ ಗಾಳಿ ಕುಡಿಸಿ ರೋಗ ಹೆಚ್ಚಿಸಿ ತರುತ್ತೀರಿ, ರಿಕ್ಷಾದಲ್ಲಿ ಬರಬಾರದೇ ಎಂದು. ನಮ್ಮ ಸಾತಪುರದಲ್ಲಿ ಆ ಹೊತ್ತಿಗೆ ಕಾಣಿಸುವುದು ರಾತ್ರಿ ಪಾಳಿ ಮುಗಿಸಿದವರ ಸೈಕಲ್ಲು, ಲೂನಾ ಮಾತ್ರ. ರಿಕ್ಷಾ ಎಲ್ಲಿಂದ ತರಲಿ?

ಕಾರಿನ ಮಾತು ಹುಟ್ಟಿದ್ದು ಹಾಗೆ. ನಮ್ಮಂಥ ಬ್ಯಾಂಕಿನವರಿಗೆ ಕಾರು ಅಂದರೆ ನಗುವ ವಿಷಯವೇ ಸರಿ. ಆದರೆ ಅಧಿಕಾರಿಗಳಿಗೆ ವಾಹನ ಸಾಲ ಸಿಗುತ್ತದೆ, ಹಳೆಯ ಕಾರಿಗೂ ಕೊಡುತ್ತಾರೆ ಎಂದು ಇವರೇ ತಿಳಿದುಕೊಂಡು ಬಂದರು. ಎಷ್ಟು ಉತ್ಸಾಹ ಇತ್ತು ಅಂತೀ! ಹೆಡ್ ಆಫೀಸಿನಿಂದ ಮಂಜೂರಿ ಬರಲು ಒಂದು ತಿಂಗಳು ಬೇಕು, ಅಲ್ಲಿಯವರೆಗೆ ಒಳ್ಳೆಯ ಗಾಡಿ ಯಾರು ಇಟ್ಟುಕೊಂಡಿರುತ್ತಾರೆ ಎಂಬ ಚಿಂತೆಯಲ್ಲಿದ್ದಾಗ ಭಾವನ ಫೋನು ಬಂತು. ಗುಲಮಂಡಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಾಲ್ಕಿಯ ಗುರುಲಿಂಗಪ್ಪನವರು ಹೋದ ವರ್ಷ ತೀರಿಕೊಂಡಿದ್ದಾರೆ, ಅವರ ಫಿಯೆಟ್ಟು ಮಾರಾಟಕ್ಕಿದೆ, ಮಗ ರೇವಪ್ಪನಿಗೆ ಕಾರು ಬೇಡ, ಮಾಲು ಸಾಗಿಸುವ ಟೆಂಪೋ ಬೇಕು, ನಮ್ಮ ಕನ್ನಡದವರು, ಮೋಸದವರಲ್ಲ, ಇಸಾರವೆಂದು ಸ್ವಲ್ಪ ಮುಂಗಡ ಕೊಟ್ಟರೆ ತಿಂಗಳು ಕಾಯುತ್ತಾರೆ ಎಂದರು. ಇಷ್ಟು ನಿನಗೆ ಗೊತ್ತಿದೆ. ಮುಂದಿನದು ಗೊತ್ತಿಲ್ಲ. ನಾವು ಬಂದ ಭಾನುವಾರ ನೀನು ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಕರೆದುಕೊಂಡು ಖುಲ್ತಾಬಾದಿಗೆ ಹೋಗಿದ್ದೆ.

ನಿಮ್ಮ ಮನೆಯಲ್ಲಿ ಊಟ ಮಾಡಿ, ಅವ್ವನಿಗೆ ಹೇಳಿ, ಭಾವನ ಜೊತೆ ಅವರ ಮನೆಗೆ ಹೋದೆವು. ಗಾಡಿ ಓಣಿಯ ಕೊನೆಯ ಹಟ್ಟಿಯಲ್ಲಿ, ಹಳೆಯ ಪತ್ತಲ ಹೊದ್ದು ನಿಂತಿತ್ತು. ಬೂದು ಬಣ್ಣದ ಫಿಯೆಟ್ಟು. ರೇವಪ್ಪ ಪತ್ತಲ ತೆಗೆದದ್ದೇ ಮೃದುಲಾ ಒಳಗೆ ಹತ್ತಿ ಕೂತವಳು ಇಳಿಯಲೇ ಒಲ್ಲೆ ಎಂದಳು. ಇವರು ಓಡಿಸಿ ನೋಡಿದರು. ದರದ ಚರ್ಚೆ ಬಹಳ ನಡೆಯಲಿಲ್ಲ. ಗುರುಲಿಂಗಪ್ಪನವರ ಹೆಂಡತಿ ಪ್ರೇಮಾಬಾಯಿ ಒಳಗಿನಿಂದಲೇ, ಧಾರವಾಡದ ಹುಡುಗಿ ಅಂತೀರಿ, ಕೂಸಿನ ಸಲುವಾಗಿ ತಗೋತಾರ ಅಂತೀರಿ, ಮ್ಯಾಲಿನ ಸಾವಿರ ಬಿಡೋ ತಮ್ಮ ಎಂದು ಮಗನಿಗೆ ಹೇಳಿದರು. ಇವರು ಎಲೆ ಅಡಿಕೆಯ ಮೇಲೆ ಎರಡು ಸಾವಿರದ ಒಂದು ರೂಪಾಯಿ ಇಟ್ಟು ಕೊಟ್ಟರು. ಪಾವತಿ ಬೇಕೇ ಎಂದು ರೇವಪ್ಪ ಕೇಳಿದರೆ ಭಾವ, ನಮ್ಮ ನಮ್ಮೊಳಗೆ ಎಂಥ ಪಾವತಿ ಎಂದು ನಕ್ಕುಬಿಟ್ಟರು. ರಿವಾಜು ಏನೆಂದು ಮಾತ್ರ ಎಲ್ಲರೆದುರು ಬಿಡಿಸಿ ಹೇಳಿದರು: ನಾವು ಒಲ್ಲೆ ಅಂದರೆ ಇಸಾರ ಹೋಯಿತು, ಕೇಳುವಂತಿಲ್ಲ, ಅವರು ಒಲ್ಲೆ ಅಂದರೆ, ಇಲ್ಲವೇ ಗಾಡಿಯಲ್ಲಿ ಮುಚ್ಚಿಟ್ಟ ದೋಷ ಏನಾದರೂ ಹೊರಬಿದ್ದರೆ, ಇಸಾರ ಹಿಂದಕ್ಕೆ ಕೊಡಬೇಕು. ಎರಡೂ ಕಡೆಯವರು ತಲೆಯಾಡಿಸಿದರು. ಆ ಕೊನೆಯ ಮಾತನ್ನು ನೆನಪಿನಲ್ಲಿಡು.

ಗಂಡಸರು ಹೊರಗೆ ಚಹಾ ಕುಡಿಯುತ್ತಿದ್ದಾಗ ಪ್ರೇಮಾಬಾಯಿ ನನ್ನನ್ನು ದೇವರ ಕೋಣೆಗೆ ಕರೆದರು. ನಮ್ಮ ಕಡೆ ಆಕಳು ಮಾರಿದರೆ ಕಟ್ಟುವ ಹಗ್ಗ ಕೊಡುವುದಿಲ್ಲ, ಕೊಂಡವರ ಮನೆಯ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುತ್ತೇವೆ ಎಂದರು. ಈ ಗಾಡಿಯೂ ಹಟ್ಟಿಯಲ್ಲಿ ನಿಂತು ಬೆಳೆದದ್ದೇ, ಇದಕ್ಕೆ ಹಗ್ಗವಿಲ್ಲ, ಒಯ್ಯುವ ದಿನ ಕೀಲಿಯ ದಾರ ಬಿಚ್ಚಿ ಇಟ್ಟುಕೊಳ್ಳುತ್ತೇನೆ ಎಂದು ನಕ್ಕರು. ಪರಾತದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನ ಬೇರು, ಹಸಿರು ರವಿಕೆಯ ಖಣ ಮೊದಲೇ ಸಜ್ಜು ಮಾಡಿ ಇಟ್ಟಿದ್ದರು. ಆದರೆ ತುಂಬುವವರು ಇರಲಿಲ್ಲ. ಸೊಸೆ ಸಂಗಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಪ್ರೇಮಾಬಾಯಿ ಹಿತ್ತಲ ಬಾಗಿಲಲ್ಲಿ ನಿಂತು ಅಕ್ಕಪಕ್ಕದ ಮುತ್ತೈದೆಯರನ್ನು ಕೂಗಿದರು. ಸಂಕ್ರಾಂತಿಯ ಮರುದಿನ, ಎಲ್ಲರೂ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ನಮಗೆ ಬಸ್ಸಿನ ಹೊತ್ತಾಗುತ್ತಿತ್ತು. ಆಗ ನಾನೇ, ನೀವೇ ತುಂಬ್ರಿ ಅಂದೆ.

ಅವರು ನನ್ನ ಮುಖ ನೋಡಿದರು. "ನಿಮ್ಮ ಮನ್ಯಾಗ ನಡೀತದೇನವ್ವಾ?"

"ನಡೀತದ್ರಿ" ಅಂದೆ.

"ವಿಚಾರ ಮಾಡಿ ಹೇಳು. ನನಗೇನೂ ಇಲ್ಲ. ತಾಳಿ ಹೋದ್ರೂ ಕೊರಳಾಗ ಲಿಂಗ ಅದ. ನಾಳಿ ನಿನಗ ಯಾರರೆ ಅಂದಾರು."

ಯಾರೂ ಏನೂ ಅನ್ನುವುದಿಲ್ಲ ಅಂದೆ. ಸೆರಗು ಒಡ್ಡಿದೆ. ಅವರು ಐದು ಸಲ ಬೊಗಸೆ ತುಂಬಿ ಹಾಕಿದರು. ಸ್ವಲ್ಪ ಅಕ್ಕಿ ನೆಲಕ್ಕೆ ಚೆಲ್ಲಿತು. ಮೃದುಲಾ ಕೂತು ಆ ಕಾಳುಗಳನ್ನು ಒಂದೊಂದಾಗಿ ಆರಿಸಿ ನನ್ನ ಉಡಿಗೆ ಹಾಕಿದಳು. ಆಮೇಲೆ ಅವರು ಇಬ್ಬರ ಹಣೆಗೂ ಕುಂಕುಮ ಹಚ್ಚಿದರು.

ಮನೆಗೆ ಬಂದು ಮರುದಿನ ಆ ಅಕ್ಕಿಯಲ್ಲಿ ಪಾಯಸ ಮಾಡಿದೆ. ಅತ್ತೆ ಎರಡು ಬಟ್ಟಲು ಹಾಕಿಸಿಕೊಂಡರು. ಅಕ್ಕಿ ಎಷ್ಟು ಘಮ್ಮೆನ್ನುತ್ತದೆ, ಎಲ್ಲಿಯದು ಎಂದು ಕೇಳಿದರು. ನಾನು ಬಾಯಿ ತಡೆಯದವಳು, ಗೆಲುವಿನಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಸಂಗಮ್ಮ ಇರಲಿಲ್ಲ, ಪ್ರೇಮಾಬಾಯಿಯವರೇ ತುಂಬಿದರು ಎಂದು. ಅತ್ತೆ ಬಟ್ಟಲು ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ, ಕೂಗಲಿಲ್ಲ. ಎದ್ದು ಹೋಗಿ ಕೈ ತೊಳೆದು ದೇವರ ಮುಂದೆ ಕೂತರು. ಇವರು ತಲೆ ತಗ್ಗಿಸಿ ಪಾಯಸ ಮುಗಿಸಿದರು.

ಅಕ್ಕ, ನಮ್ಮ ಅತ್ತೆಯನ್ನು ನೀನು ಬಲ್ಲೆ. ಕೆಟ್ಟವರಲ್ಲ. ನನಗೆ ನಿದ್ದೆಯಿಲ್ಲವೆಂದು ಹಗಲು ಮೊಮ್ಮಗಳನ್ನು ತಾವು ಎತ್ತಿಕೊಂಡು ಓಡಾಡುತ್ತಾರೆ, ನನ್ನನ್ನು ಬಲವಂತವಾಗಿ ಮಲಗಿಸುತ್ತಾರೆ. ಆ ವಾರದಲ್ಲೇ ಚಳಿ ಏರಿತು, ಮೃದುಲಾಳಿಗೆ ಹಿಂದೆಂದೂ ಬರದಂಥ ಉಬ್ಬಸ ಬಂತು. ತುಟಿ ನೀಲಿಯಾಯಿತು. ದವಾಖಾನೆಯಲ್ಲಿ ಒಂದು ದಿನ ಇಟ್ಟುಕೊಂಡರು. ಅಲ್ಲಿಯ ಬೆಂಚಿನ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದರು, ಬೈಯುವ ದನಿಯಲ್ಲಲ್ಲ, ಬೇಡುವ ದನಿಯಲ್ಲಿ: "ವಸುಧಾ, ನಿನಗ ಇದೆಲ್ಲ ನಂಬಿಕಿ ಇಲ್ಲ, ನನಗ ಗೊತ್ತದ. ನನ್ನ ಸಲುವಾಗಿ ಆ ಗಾಡಿ ಬಿಟ್ಟುಬಿಡು. ಕೂಸಿನಕಿಂತ ಹೆಚ್ಚಿಂದು ಏನದ?"

ನಾನು ಏನು ಹೇಳಬೇಕಿತ್ತು? ಕರ್ನಾಟಕ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಚಳಿಗೆ ಉಸಿರಿನ ನಾಳ ಬಿಗಿಯುತ್ತದೆ ಎಂದು ನನಗೆ ಗೊತ್ತು. ಉಡಿಗೂ ಉಬ್ಬಸಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ ಕೂಡ. ಆದರೆ ಆವತ್ತು ರಾತ್ರಿ ಮಗುವಿನ ಮೂಗಿಗೆ ನಳಿಗೆ ಹಾಕಿದ್ದಾಗ, ಆ ಅಕ್ಕಿ ಚೆಲ್ಲಿದ್ದು, ಅದನ್ನು ಇವಳೇ ಆರಿಸಿದ್ದು ಎಲ್ಲ ಕಣ್ಣ ಮುಂದೆ ಬಂತು. ನಾನು ಬರಗೊಡಲಿಲ್ಲ, ಅದೇ ಬಂತು. ಇದನ್ನು ನಿನಗಲ್ಲದೆ ಇನ್ನು ಯಾರಿಗೆ ಬರೆಯಲಿ. ನಿದ್ದೆಗೆಟ್ಟವಳ ತಲೆಯೊಳಗೆ ಏನು ಬೇಕಾದರೂ ಹೊಕ್ಕು ಕೂಡುತ್ತದೆ.

ಇವರಿಗೆ ಇದರಲ್ಲಿ ಕಿಂಚಿತ್ತೂ ನಂಬಿಕೆಯಿಲ್ಲ. ಅದೇ ನನಗೆ ಹೆಚ್ಚು ದಣಿವು ತಂದದ್ದು. ನಂಬುವವರ ಜೊತೆ ಜಗಳವಾಡಬಹುದು. ಇವರು ನನ್ನ ಹತ್ತಿರ ಬಂದು, ನಿನ್ನ ಮಾತು ನಿಜ, ಅಮ್ಮನ ಮಾತು ಸುಳ್ಳು, ಆದರೂ ಒಂದು ಕಾರಿನ ಸಲುವಾಗಿ ಮನೆಯಲ್ಲಿ ದಿನವೂ ಅಳು ಯಾಕೆ, ಮಾರ್ಚಿನಲ್ಲಿ ಬೇರೆ ನೋಡೋಣ ಎನ್ನುತ್ತಾರೆ. ಸರಿ, ಗಾಡಿ ಬಿಡೋಣ, ಇಸಾರವನ್ನೂ ಬಿಡೋಣ ಅಂದೆ. ಎರಡು ಸಾವಿರ ಹೋದರೆ ಹೋಗಲಿ, ಒಂದು ವರ್ಷ ನನಗೆ ಸೀರೆ ಬೇಡ. ಅದಕ್ಕೆ ಇವರು ಒಪ್ಪಲಿಲ್ಲ. ಅದು ನನ್ನ ಒಂದು ತಿಂಗಳ ಪಗಾರಕ್ಕೆ ಹತ್ತಿರ ಹತ್ತಿರ ಎಂದರು. ದವಾಖಾನೆಯ ಬಿಲ್ಲನ್ನೂ ತೋರಿಸಿದರು. ಅವರದೂ ತಪ್ಪಲ್ಲ.

ಆಗ ಭಾವ ಹೇಳಿದ ರಿವಾಜಿನ ಕೊನೆಯ ಮಾತು ಹೊರಬಂತು. ಮುಚ್ಚಿಟ್ಟ ದೋಷ ಸಿಕ್ಕರೆ ಇಸಾರ ಹಿಂದಕ್ಕೆ. ಇಲ್ಲಿಯ ಗ್ಯಾರೇಜಿನ ಪರಿಚಯದವನೊಬ್ಬ, ಗಾಡಿ ನೋಡದೆಯೇ, ಅದರ ಕೆಳಗಿನ ತಗಡು ತುಕ್ಕು ಹಿಡಿದು ಪೆಟ್ರೋಲಿನ ವಾಸನೆ ಒಳಗೆ ಬರುತ್ತದೆ ಎಂದು ಹೇಳಬಹುದು ಎಂದು ಕಲಿಸಿಕೊಟ್ಟಿದ್ದಾನೆ. ಹಳೆಯ ಗಾಡಿಗಳಲ್ಲಿ ಅದು ಇರುವಂಥದ್ದೇ, ಯಾರೂ ಇಲ್ಲ ಎನ್ನಲಾರರು. ಉಬ್ಬಸದ ಕೂಸಿಗೆ ಆ ವಾಸನೆ ಆಗುವುದಿಲ್ಲ, ಗಾಡಿಯಲ್ಲಿ ಕೂತ ಮೇಲೆಯೇ ಅವಳಿಗೆ ಹೆಚ್ಚಾದದ್ದು, ದವಾಖಾನೆಗೆ ಸೇರಿಸಬೇಕಾಯಿತು ಎನ್ನಬೇಕು. ಅದನ್ನು ಹೇಳಬೇಕಾದವಳು ನಾನು, ತಾಯಿ ಹೇಳಿದರೆ ಅವರು ಮರುಮಾತಾಡುವುದಿಲ್ಲ.

ಇದನ್ನು ಕೇಳಿದ ದಿನ ನಾನು ಊಟ ಬಿಟ್ಟೆ. ಮರುದಿನ ಹಸಿವಾಯಿತು, ಉಂಡೆ. ನನ್ನ ಹಟ ಅಷ್ಟರದು.

ಪ್ರೇಮಾಬಾಯಿಯ ಕಡೆ ಏನಾಗಿದೆ ಎಂಬುದನ್ನು ಭಾವನೇ ಫೋನಿನಲ್ಲಿ ಇವರಿಗೆ ಹೇಳಿದ್ದಾರೆ, ನಿನ್ನ ಕಿವಿಗೂ ಬಿದ್ದಿರಬಹುದು. ನಾವು ಬಂದುಹೋದ ಮೂರನೆಯ ದಿನ ಮಾಲೇಗಾಂವದ ಮಗ್ಗದ ಮಾಲೀಕರೊಬ್ಬರು ಬಂದು, ನಮಗಿಂತ ಮೂರು ಸಾವಿರ ಹೆಚ್ಚು ಕೊಡುತ್ತೇನೆ, ನಗದು, ಇವತ್ತೇ ಒಯ್ಯುತ್ತೇನೆ ಎಂದರಂತೆ. ರೇವಪ್ಪನಿಗೆ ಆಸೆಯಾಯಿತು. ಇಸಾರ ತಿರುಗಿ ಕೊಟ್ಟರಾಯಿತು ಅಂದನಂತೆ. ಪ್ರೇಮಾಬಾಯಿ, ಬರೇ ರೊಕ್ಕ ಇಸಗೊಂಡಿದ್ದರೆ ತಿರುಗಿ ಕೊಡಬಹುದಿತ್ತು, ನಾ ಆ ಹುಡುಗಿಗೆ ಉಡಿ ತುಂಬಿ ಕಳಿಸೀನಿ, ಅದನ್ನ ಹೆಂಗ ತಿರುಗಿ ತಗೊಳ್ಳಲಿ ಎಂದು ಅವರನ್ನು ಚಹಾ ಕುಡಿಸಿ ಕಳಿಸಿದರಂತೆ. ಅವರು ಬೇರೆ ಗಾಡಿ ಕೊಂಡೂ ಆಯಿತು. ರೇವಪ್ಪ ನಮ್ಮ ಇಸಾರದ ದುಡ್ಡನ್ನು ತಾನು ನೋಡಿದ ಟೆಂಪೋಕ್ಕೆ ಇಸಾರವಾಗಿ ಕೊಟ್ಟುಬಿಟ್ಟಿದ್ದಾನೆ. ನಾವು ಹಿಂದಕ್ಕೆ ಕೇಳಿದರೆ ಅವನು ಎಲ್ಲಿಂದ ತರಬೇಕು, ಮನೆಯೊಳಗಿನದನ್ನೇ ತೆಗೆಯಬೇಕು. ಇದನ್ನೆಲ್ಲ ನನಗೆ ಹೇಳಿದವರೂ ಇವರೇ. ಆಮೇಲೆ, ಅವರೇನು ನಮ್ಮನ್ನು ಕೇಳಿ ಟೆಂಪೋಕ್ಕೆ ಕೊಟ್ಟರೇ ಎಂದರು.

ನಾಳೆ ಗಣರಾಜ್ಯೋತ್ಸವದ ರಜೆ. ಬೆಳಗಿನ ಮೊದಲ ಬಸ್ಸಿಗೆ ಇವರು, ನಾನು, ಮೃದುಲಾ ಮೂವರೂ ಹೊರಡುವುದು ಎಂದು ನಿಶ್ಚಯವಾಗಿದೆ. ಅತ್ತೆ ಒಂದು ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಾರೆ. ಅದರಲ್ಲಿ ಹೊಸ ಅಕ್ಕಿ, ತೆಂಗಿನಕಾಯಿ, ಅರಿಶಿನ ಬೇರು, ಅದೇ ಹಸಿರು ಖಣ ಇವೆ. ಅಕ್ಕಿಯನ್ನು ನಾವು ಉಂಡು ಮುಗಿಸಿದ್ದೇವಲ್ಲ, ಅದಕ್ಕೆ ಪೇಟೆಗೆ ಹೋಗಿ ಹಾಗೆಯೇ ಘಮ್ಮೆನ್ನುವ ಅಕ್ಕಿ ಹುಡುಕಿ ತಂದಿದ್ದಾರೆ. ಇಸಾರ ಹಿಂದಕ್ಕೆ ತರುವ ಮೊದಲು ಉಡಿ ಹಿಂದಕ್ಕೆ ಹೋಗಬೇಕಂತೆ. ತುಂಬಿಸಿಕೊಂಡವಳೇ ಕೊಡಬೇಕಂತೆ. ಉಡಿಯನ್ನು ಹಿಂದಕ್ಕೆ ಕೊಡುವ ಶಾಸ್ತ್ರ ಯಾವ ಊರಲ್ಲಿದೆ ಅತ್ಯಾ ಎಂದು ಕೇಳಿದೆ. ಇರಲಿಕ್ಕಿಲ್ಲ, ಇಂಥ ಪ್ರಸಂಗ ಯಾರಿಗೂ ಬಂದಿರಲಿಕ್ಕಿಲ್ಲ ಎಂದು ಅತ್ತೆ ಅಷ್ಟೇ ಸಹಜವಾಗಿ ಹೇಳಿದರು.

ಮನಸ್ಸಿನಲ್ಲಿ ಒಂದು ಸಲವಲ್ಲ, ಹತ್ತು ಸಲ ಆ ದೇವರ ಕೋಣೆಗೆ ಹೋಗಿ ಬಂದೆ. ಹೋಗಿ ಕೂತು, ಚೀಲ ಬಿಚ್ಚಿ, ಪರಾತದಲ್ಲಿ ಅಕ್ಕಿ ಸುರಿಯುತ್ತೇನೆ. ಅವರು ನೋಡುತ್ತಾರೆ. ಪೆಟ್ರೋಲಿನ ವಾಸನೆಯ ಮಾತು ಹೇಳಲು ಬಾಯಿ ತೆರೆಯುತ್ತೇನೆ. ಅಷ್ಟರೊಳಗೆ ಅವರಿಗೆ ತಿಳಿದುಬಿಡುತ್ತದೆ. ಅಕ್ಕಿ ನೋಡಿದ ಮೇಲೆ ಯಾವ ಹೆಂಗಸಿಗೆ ತಿಳಿಯುವುದಿಲ್ಲ? ಅವರು ಮೊದಲೇ ಕೇಳಿದ್ದರು. ನಡೀತದ್ರಿ ಎಂದವಳು ನಾನು.

ನಿನ್ನೆ ಭಾನುಮತಿ ವಹಿನಿಯ ಮನೆಯಲ್ಲಿ ಅರಿಶಿನ ಕುಂಕುಮ ಇತ್ತು. ಹೋಗಲು ಮನಸ್ಸಿರಲಿಲ್ಲ, ಅತ್ತೆ ಕಳಿಸಿದರು. ಎಲ್ಲರಿಗೂ ಒಂದೊಂದು ಸ್ಟೀಲಿನ ಡಬ್ಬಿ, ಎಳ್ಳಿನ ಉಂಡೆ ಕೊಟ್ಟರು. ಕೆಳಗಿನ ಮನೆಯ ಕಮಲಾಬಾಯಿ ಮಾತ್ರ ತಮ್ಮ ಬಾಗಿಲಲ್ಲಿ ನಿಂತು ಮೆಟ್ಟಿಲು ಹತ್ತುವವರನ್ನೆಲ್ಲ, ಸೀರೆ ಚೆನ್ನಾಗಿದೆ, ಎಲ್ಲಿ ತೆಗೆದುಕೊಂಡೆ ಎಂದು ಮಾತಾಡಿಸುತ್ತಿದ್ದರು. ಅವರ ಗಂಡ ತೀರಿಕೊಂಡು ಆರು ತಿಂಗಳಾಗಿದೆ. ಹೋದ ವರ್ಷ ಆ ಮನೆಯಲ್ಲಿ ಎಲ್ಲರಿಗೂ ಕುಂಕುಮ ಹಚ್ಚುತ್ತ ಓಡಾಡಿದವರು ಅವರೇ. ನಾನು ಅವರ ಹತ್ತಿರ ಎರಡು ಮಾತಾಡಿ ಮೇಲೆ ಹೋದೆ. ಎಲ್ಲರಂತೆಯೇ.

ಬರೆಯುತ್ತಿದ್ದಂತೆ ನೀರು ನಿಂತೇ ಹೋಯಿತು, ನಳ ಮತ್ತೆ ಸುಮ್ಮನಾಗಿದೆ. ಒಳಗೆ ಅತ್ತೆ ಕೆಮ್ಮಿದರು. ಅರವಿಂದ ಅವರ ಮನೆಯಲ್ಲಿ ಸ್ಟೋವ್ ಹಚ್ಚಿದ ಸದ್ದು ಕೇಳುತ್ತಿದೆ. ಬೇಗ ಮುಗಿಸುತ್ತೇನೆ.

ನಿನ್ನ ಹುಡುಗರಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ. ದೊಡ್ಡವನಿಗೆ ಗಣಿತದ ಭಯ ಬೇಡ ಎನ್ನು, ಮೇ ತಿಂಗಳಲ್ಲಿ ಇಲ್ಲಿಗೆ ಕಳಿಸು, ನಾನು ಹೇಳಿಕೊಡುತ್ತೇನೆ. ಸಣ್ಣವನು ಮೃದುಲಾಳಿಗೆ ಕಳಿಸಿದ ಕಾಗದದ ಪಟ ಇನ್ನೂ ಗೋಡೆಯ ಮೇಲಿದೆ, ಅದಕ್ಕೆ ಅವಳು ದಿನವೂ ಮರಾಠಿಯಲ್ಲಿ ಏನೋ ಹೇಳುತ್ತಾಳೆ, ನನಗೂ ತಿಳಿಯುವುದಿಲ್ಲ. ಭಾವನಿಗೆ ನಮಸ್ಕಾರ. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯದಕ್ಕೇ ಮಾಡಿದರು. ನೀವೆಲ್ಲ ನೂರು ಕಾಲ ತಣ್ಣಗಿರಿ. ದೇವರು ನಿನ್ನ ಮನೆಯಲ್ಲಿ ಎಲ್ಲರಿಗೂ ನಿದ್ದೆ ಕೊಡಲಿ, ಅದಕ್ಕಿಂತ ದೊಡ್ಡ ಭಾಗ್ಯ ಈಗ ನನಗೆ ನೆನಪಾಗುತ್ತಿಲ್ಲ.

ನಿನ್ನ ತಂಗಿ,
ವಸುಧಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಬರೆಯಬೇಕಾದದ್ದನ್ನು ಬಿಟ್ಟು ಬೇರೆಲ್ಲ ಬರೆದಿದ್ದೇನೆ.

ಅಕ್ಕ, ಉಡಿ ಹಿಂದಕ್ಕೆ ಕೊಡುವ ಯೋಚನೆ ಅತ್ತೆಯದಲ್ಲ. ಹೋದ ಭಾನುವಾರ ಅತ್ತೆ ಇವರನ್ನು ಕರೆದುಕೊಂಡು ಪೇಟೆಯ ಎಸ್‌ಟಿಡಿ ಬೂತಿಗೆ ಹೋಗಿ ನಿಮ್ಮ ಮನೆಗೆ ಫೋನು ಮಾಡಿದ್ದರಂತೆ. ನೀನು ಇರಲಿಲ್ಲ, ಅವ್ವ ತೆಗೆದುಕೊಂಡಳಂತೆ. ಬಂದು ನನಗೆ ಹೇಳಿದರು. ಅವ್ವ ಅಂದಳಂತೆ: "ನನ್ನ ಮಗಳ ಉಡಿ ನಾನಽ ಮುಟ್ಟಂಗಿಲ್ಲ, ಆಕಿ ಹೆಂಗ ಮುಟ್ಟಿದಳು? ಹೊಳ್ಳಿ ಕೊಟ್ಟುಬರಲಿಕ್ಕೆ ಹೇಳ್ರಿ."

ನಿನಗೆ ಒಂದು ಮಾತು ಹೇಳಿಲ್ಲ. ಆ ದಿನ ನಿಮ್ಮ ಮನೆಯಿಂದ ಹೊರಡುವಾಗ ನಾನು ಅವ್ವನ ಮುಂದೆ ಬಾಗಿ ಹಣೆ ಒಡ್ಡಿದೆ. ನೀನಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಅಪ್ಪ ಇದ್ದಾಗ ಅವ್ವ ಒಂದು ಸಲವೂ ಬರೇ ಹಣೆಯಲ್ಲಿ ನಮ್ಮನ್ನು ಹೊಸ್ತಿಲು ದಾಟಿಸಿದವಳಲ್ಲ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ಸುಮನ ಇಲ್ಲ, ನೀನಽ ಹಚ್ಚಿಕೊಂಡು ಹೋಗವಾ ಎಂದಳು. ಮೃದುಲಾಳ ಹಣೆಗೂ ಹಚ್ಚಲಿಲ್ಲ. ನಾನು ಕನ್ನಡಿ ನೋಡಿ ಹಚ್ಚಿಕೊಂಡು ಹೊ­ರಟೆ. ಅಲ್ಲಿಂದ ನೇರ ಪ್ರೇಮಾಬಾಯಿಯ ಮನೆಗೆ ಹೋದದ್ದು. ಅವರು ಪರಾತ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಯಾರನ್ನೋ ಕೂಗುತ್ತಿದ್ದಾಗ ನನಗೆ ಬಸ್ಸಿನ ಚಿಂತೆ ಇರಲಿಲ್ಲ, ಅವ್ವ ಹಿಂದಕ್ಕೆ ಕಟ್ಟಿಕೊಂಡ ಕೈಯೇ ಕಣ್ಣ ಮುಂದಿತ್ತು, ಅಕ್ಕ.

ನಿನ್ನೆ ಸಂಜೆ ನಿಮ್ಮ ಮನೆಗೆ ಬಂದ ಮಾತಿಲ್ಲದ ಫೋನು ನನ್ನದೇ. ಕುಂಕುಮಕ್ಕೆಂದು ಹೊರಟವಳು ಮೊದಲು ಬೂತಿಗೆ ಹೋಗಿದ್ದೆ. ಅವ್ವನೇ ತೆಗೆದಳು. ಯಾರ್ರೀ, ಯಾರು ಮಾತಾಡೋದು ಎಂದಳು. ನನ್ನ ಹಿಂದೆ ಜನ ಸಾಲು ನಿಂತಿದ್ದರು. ಕೇಳಲು ಆಗಲಿಲ್ಲ, ಇಟ್ಟುಬಿಟ್ಟೆ.

ಇವತ್ತು ರಾತ್ರಿ ಹುಡುಗರು ಮಲಗಿದ ಮೇಲೆ ಅವ್ವನ ಹತ್ತಿರ ಕೂತು ಕೇಳು. ಹಾಗೆ ಅಂದದ್ದು ಹೌದೋ, ಇಲ್ಲ ನಮ್ಮ ಅತ್ತೆಯ ಮುಂದೆ ಬೇರೆ ಏನೂ ಅನ್ನಲಾರದೆ ಅಂದಳೋ. ತನ್ನ ಕೈಯಿಂದ ನನ್ನ ಮಗುವಿಗೆ ಕೆಡುಕಾಗುತ್ತದೆಂದು ಅವ್ವ ನಿಜವಾಗಿ ನಂಬಿದ್ದರೆ, ಅದನ್ನು ಅವಳ ಬಾಯಿಂದಲೇ ಕೇಳಿ, ನಾಳೆ ಆ ಚೀಲ ಹಿಡಿದುಕೊಂಡು ಬಸ್ಸು ಹತ್ತುತ್ತೇನೆ, ಹೇಳಬೇಕಾದ ಸುಳ್ಳನ್ನೂ ಹೇಳುತ್ತೇನೆ. ಇಲ್ಲ ಎಂದು ಅವಳು ಒಂದು ಮಾತು ಹೇಳಲಿ. ಅಷ್ಟು ಹೇಳಿದರೆ ನಾನು ಈ ಮನೆಯ ಹೊಸ್ತಿಲಲ್ಲಿ ಕೂತುಬಿಡುತ್ತೇನೆ, ಯಾರು ಎಬ್ಬಿಸುತ್ತಾರೋ ನೋಡುತ್ತೇನೆ.

ಭಾನುಮತಿ ವಹಿನಿಯ ಫೋನಿನಿಂದ ಪರವೂರಿಗೆ ಮಾಡಲು ಬರುವುದಿಲ್ಲ, ಬಂದದ್ದು ಮಾತ್ರ ಸಿಗುತ್ತದೆ; ನಂಬರು ನಿನ್ನ ಹತ್ತಿರ ಇದೆ. ಎಷ್ಟು ಹೊತ್ತಾದರೂ ಎಬ್ಬಿಸು, ಅವರಿಗೆ ಹೇಳಿಟ್ಟಿದ್ದೇನೆ, ಗೋಡೆ ಬಡಿದರೆ ನಾನು ಓಡಿಬರುತ್ತೇನೆ. ನಾನು ಹೇಗೂ ಎಚ್ಚರ ಇರುತ್ತೇನೆ. ಅವ್ವ ಒಲ್ಲೆ ಎಂದರೂ ಫೋನು ಅವಳ ಕೈಗೆ ಕೊಡು. ಮಾತಾಡದಿದ್ದರೆ ಸುಮ್ಮನೆ ಕಿವಿಗೆ ಹಿಡಿ, ನಾನೇ ಕೇಳುತ್ತೇನೆ. ಬೆಳಗಾಗುವ ಮೊದಲು ಫೋನು ಮಾಡು, ಅಕ್ಕ. ಬೆಳಗಾಗಿ ಬಿಟ್ಟರೆ ಇವರು ಚೀಲ ಎತ್ತಿಕೊಳ್ಳುತ್ತಾರೆ. ಅದಕ್ಕೂ ಮೊದಲು ಮಾಡು.